ವಿಲ್‌ಹೆಲ್ಮ್ ಶಿಕಾರ್ಡ್

ವಿಲ್‌ಹೆಲ್ಮ್ ಶಿಕಾರ್ಡ್ (22 ಏಪ್ರಿಲ್ 1592 – ಅಕ್ಟೋಬರ್ 1635) ಜರ್ಮನಿಯ ಹೀಬ್ರೂ ವಿದ್ವಾಂಸ, ಖಗೋಳಶಾಸ್ತ್ರಜ್ಞ, ಗಣಿತಜ್ಞ ಹಾಗೂ ಭೂಮಾಪಕರಾಗಿದ್ದರು. ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಮೊದಲು ಹೀಬ್ರೂ ಭಾಷೆಯ, ಅನಂತರ ಖಗೋಳಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಇವರು 1623ರಲ್ಲಿ ಹಲ್ಲುಚಕ್ರಗಳಿಂದ ಕೆಲಸ ಮಾಡುವ ಲೆಕ್ಕಯಂತ್ರವೊಂದನ್ನು ರೂಪಿಸಿದರು. ಸಂಕಲನ ಮತ್ತು ವ್ಯವಕಲನ ಮಾಡುವಾಗ ಒಂದು ಸ್ಥಾನದಿಂದ ಮುಂದಿನ ಸ್ಥಾನಕ್ಕೆ ದಶಕವನ್ನು ತಾನಾಗಿಯೇ ಸಾಗಿಸುವ ಯಂತ್ರಗಳಲ್ಲಿ ಇದು ದಾಖಲೆ ಇರುವ ಅತ್ಯಂತ ಹಳೆಯದು. ಬ್ಲೇಸ್ ಪ್ಯಾಸ್ಕಲ್‌ರ ಪ್ರಸಿದ್ಧ ಯಂತ್ರಕ್ಕಿಂತ ಇದು ಸುಮಾರು ಇಪ್ಪತ್ತು ವರ್ಷ ಹಿಂದಿನದು.

ಶಿಕಾರ್ಡ್‌ರ ಮೂಲ ಯಂತ್ರ ಉಳಿದು ಬಂದಿಲ್ಲ. ಯೊಹಾನೆಸ್ ಕೆಪ್ಲರ್‌ಗಾಗಿ ತಯಾರಾಗುತ್ತಿದ್ದ ಎರಡನೆಯ ಯಂತ್ರ ಪೂರ್ಣಗೊಳ್ಳುವ ಮೊದಲೇ ಬೆಂಕಿಗೆ ಆಹುತಿಯಾಯಿತು. ಮೂವತ್ತು ವರ್ಷಗಳ ಯುದ್ಧ ಮತ್ತು ಅದರ ಬೆನ್ನಿಗೆ ಬಂದ ಪ್ಲೇಗ್ ಶಿಕಾರ್ಡ್‌ರನ್ನೂ ಅವರ ಇಡೀ ಕುಟುಂಬವನ್ನೂ ಬಲಿ ತೆಗೆದುಕೊಂಡವು. ಮುನ್ನೂರು ವರ್ಷಗಳ ಬಳಿಕ ದೊರೆತ ಎರಡು ಕೈಚಿತ್ರಗಳು ಮತ್ತು ಎರಡು ಪತ್ರಗಳ ಆಧಾರದ ಮೇಲೆ 1960ರಲ್ಲಿ ಯಂತ್ರವನ್ನು ಮರುನಿರ್ಮಿಸಲಾಯಿತು.

ಜನನ ಮತ್ತು ಕುಟುಂಬ

ಶಿಕಾರ್ಡ್ 1592ರ ಏಪ್ರಿಲ್ 22ರಂದು ಹೆರೆನ್‌ಬರ್ಗ್ ಎಂಬ ಸಣ್ಣ ಪಟ್ಟಣದಲ್ಲಿ ಜನಿಸಿದರು. ನೈಋತ್ಯ ಜರ್ಮನಿಯಲ್ಲಿ ಟ್ಯೂಬಿಂಗನ್ ನಗರಕ್ಕೆ ಹತ್ತಿರವಿರುವ ಈ ಪಟ್ಟಣ ಆಗ ವ್ಯೂರ್ಟೆಂಬರ್ಗ್ ಡ್ಯೂಕ್‌ಗಳ ಆಳ್ವಿಕೆಯಲ್ಲಿತ್ತು. ತಂದೆ ಲ್ಯೂಕಾಸ್ ಮರಗೆಲಸ ಮತ್ತು ಕಟ್ಟಡ ನಿರ್ಮಾಣದ ವೃತ್ತಿಯವರು. ತಾಯಿ ಮಾರ್ಗರೆಟೆ ಲೂಥರನ್ ಪಾದ್ರಿಯೊಬ್ಬರ ಮಗಳು. ಮನೆತನದಲ್ಲಿ ಕುಶಲಕರ್ಮಿಗಳ ಪರಂಪರೆಯೇ ಇತ್ತು. ಹೆರೆನ್‌ಬರ್ಗ್‌ನ ದೊಡ್ಡ ಚರ್ಚಿನಲ್ಲಿ ಇಂದಿಗೂ ಇರುವ ಮರದ ಕೆತ್ತನೆಯ ಆಸನಸಾಲುಗಳು ಶಿಕಾರ್ಡ್‌ರ ಪೂರ್ವಜರೊಬ್ಬರು 1517ರಲ್ಲಿ ಮಾಡಿದವು. ದೊಡ್ಡಪ್ಪ ಹೈನ್‌ರಿಖ್ ಶಿಕ್‌ಹಾರ್ಟ್ ವ್ಯೂರ್ಟೆಂಬರ್ಗ್ ಆಸ್ಥಾನದ ವಾಸ್ತುಶಿಲ್ಪಿಯಾಗಿದ್ದು, 1599ರಲ್ಲಿ ಸ್ಥಾಪನೆಯಾದ ಫ್ರಾಯ್ಡನ್‌ಶ್ಟಾಟ್ ನಗರದ ವಿನ್ಯಾಸಕಾರರೆಂದು ಹೆಸರಾದವರು. ವಿದ್ವತ್ತು ಮತ್ತು ಕೈಕೆಲಸ ಎರಡರಲ್ಲಿಯೂ ಶಿಕಾರ್ಡ್ ಪಳಗಿದ್ದಕ್ಕೆ ಈ ಹಿನ್ನೆಲೆ ಕಾರಣವಾಯಿತು.

ಶಿಕ್ಷಣ

ತಂದೆ ಬೇಗನೆ ತೀರಿಕೊಂಡ ಕಾರಣ ಶಿಕಾರ್ಡ್ ಡ್ಯೂಕ್ ಆಡಳಿತದ ನೆರವಿನಿಂದ ಓದಿದರು. ಬೇಬೆನ್‌ಹೌಸನ್ ಮಠದ ಶಾಲೆಯ ಬಳಿಕ ಟ್ಯೂಬಿಂಗನ್ ವಿಶ್ವವಿದ್ಯಾಲಯವನ್ನು ಸೇರಿ, 1609ರಲ್ಲಿ ಪದವಿಯನ್ನೂ 1611ರಲ್ಲಿ ಸ್ನಾತಕೋತ್ತರ ಪದವಿಯನ್ನೂ ಪಡೆದರು. ಅನಂತರ ಎರಡು ವರ್ಷ ದೇವತಾಶಾಸ್ತ್ರ ಮತ್ತು ಹೀಬ್ರೂ ಭಾಷೆಯನ್ನು ಅಧ್ಯಯನ ಮಾಡಿದರು. ಖಗೋಳಶಾಸ್ತ್ರದಲ್ಲಿ ಅವರ ಗುರು ಮಿಖಾಯೆಲ್ ಮೇಸ್ಟ್ಲಿನ್. ಕೆಪ್ಲರ್‌ಗೆ ಕೊಪರ್ನಿಕಸ್‌ನ ಸೂರ್ಯಕೇಂದ್ರ ಸಿದ್ಧಾಂತವನ್ನು ಪರಿಚಯಿಸಿದವರೂ ಇದೇ ಮೇಸ್ಟ್ಲಿನ್.

ಟ್ಯೂಬಿಂಗನ್ ನಗರಕ್ಕೆ ಕನ್ನಡದೊಂದಿಗೆ ಒಂದು ನಂಟಿದೆ. ಕನ್ನಡ–ಇಂಗ್ಲಿಷ್ ನಿಘಂಟಿನ ಕರ್ತೃ ಫರ್ಡಿನೆಂಡ್ ಕಿಟೆಲ್‌ರಿಗೆ 1896ರಲ್ಲಿ ಗೌರವ ಡಾಕ್ಟರೇಟ್ ನೀಡಿದ್ದು ಇದೇ ವಿಶ್ವವಿದ್ಯಾಲಯ. 1903ರಲ್ಲಿ ಅವರು ನಿಧನರಾದದ್ದೂ ಇದೇ ನಗರದಲ್ಲಿ.

ನ್ಯೂರ್ಟಿಂಗನ್ ಮತ್ತು ಕೆಪ್ಲರ್‌ರ ಭೇಟಿ

1614ರಲ್ಲಿ ಶಿಕಾರ್ಡ್ ನ್ಯೂರ್ಟಿಂಗನ್ ಪಟ್ಟಣದ ಚರ್ಚಿನಲ್ಲಿ ಸಹಾಯಕ ಪಾದ್ರಿಯಾಗಿ ನೇಮಕಗೊಂಡರು. 1615ರಲ್ಲಿ ಸಬೀನೆ ಮಾಕ್ ಎಂಬುವರನ್ನು ವಿವಾಹವಾದರು. ಧಾರ್ಮಿಕ ಕೆಲಸದ ನಡುವೆಯೂ ಅವರು ಗಣಿತ, ಖಗೋಳ ವೀಕ್ಷಣೆ, ಮರ ಮತ್ತು ತಾಮ್ರದ ಮೇಲಿನ ಕೆತ್ತನೆ, ಉಪಕರಣಗಳ ತಯಾರಿಕೆ ಇವುಗಳನ್ನು ಮುಂದುವರಿಸಿದರು.

1617ರಲ್ಲಿ ಕೆಪ್ಲರ್ ವ್ಯೂರ್ಟೆಂಬರ್ಗ್‌ಗೆ ಬಂದರು. ಅವರ ತಾಯಿ ಕಥರೀನಾರ ಮೇಲೆ ಮಾಟಗಾತಿಯೆಂಬ ಆರೋಪ ಹೊರಿಸಲಾಗಿತ್ತು. ತಾಯಿಯ ಪರವಾಗಿ ವ್ಯವಹರಿಸಲು ಆಸ್ಟ್ರಿಯದ ಲಿನ್ಟ್ಸ್‌ನಿಂದ ಬಂದಿದ್ದ ಕೆಪ್ಲರ್ ಈ ಪ್ರವಾಸದ ಸಮಯದಲ್ಲಿ ಶಿಕಾರ್ಡ್‌ರನ್ನು ಭೇಟಿಯಾದರು. ಇಬ್ಬರದೂ ಒಂದೇ ನಾಡು, ಒಂದೇ ವಿಶ್ವವಿದ್ಯಾಲಯ, ಒಬ್ಬರೇ ಗುರು. ಈ ಪರಿಚಯ ಬಾಳಿಕೆ ಬರುವ ಸ್ನೇಹವಾಗಿ ಬೆಳೆಯಿತು. 1619ರಲ್ಲಿ ಪ್ರಕಟವಾದ ಹಾರ್ಮೊನಿಸೆಸ್ ಮುಂಡಿ ಕೃತಿಯ ಚಿತ್ರಗಳಿಗೆ ಕೆಪ್ಲರ್ ಶಿಕಾರ್ಡ್‌ರ ಕೈಚಳಕವನ್ನು ಬಳಸಿಕೊಂಡರು. 1618ರಲ್ಲಿ ಕಾಣಿಸಿಕೊಂಡ ಧೂಮಕೇತುಗಳನ್ನು ಶಿಕಾರ್ಡ್ ಸ್ವತಃ ವೀಕ್ಷಿಸಿ ದಾಖಲಿಸಿದರು.

ಹೀಬ್ರೂ ಪ್ರಾಧ್ಯಾಪಕ

1619ರಲ್ಲಿ ಶಿಕಾರ್ಡ್ ಟ್ಯೂಬಿಂಗನ್ ವಿಶ್ವವಿದ್ಯಾಲಯದ ಹೀಬ್ರೂ ಪ್ರಾಧ್ಯಾಪಕರಾದರು. ಹೀಬ್ರೂ ಅಲ್ಲದೆ ಅರಾಮಿಕ್, ಸಿರಿಯಾಕ್, ಅರಬ್ಬಿ ಮುಂತಾದ ಭಾಷೆಗಳನ್ನೂ ಅಭ್ಯಸಿಸಿದರು. ಅವರ ಬೋಧನೆಯ ವಿಶೇಷವೆಂದರೆ ಕಠಿಣ ವಿಷಯವನ್ನು ಸಣ್ಣ ಸಾಧನಗಳ ಮೂಲಕ ಸುಲಭಗೊಳಿಸುವ ಪ್ರಯತ್ನ. 1621ರಲ್ಲಿ ಅವರು ರೋಟಾ ಹೆಬ್ರಾಯಿಯಾ ಎಂಬ ಸಾಧನವನ್ನು ಪ್ರಕಟಿಸಿದರು. ಒಂದರ ಮೇಲೊಂದು ತಿರುಗುವ ಎರಡು ಕಾಗದದ ಬಿಲ್ಲೆಗಳಿದ್ದ ಇದರಲ್ಲಿ, ಬಿಲ್ಲೆಯನ್ನು ತಿರುಗಿಸಿದಂತೆ ಹೀಬ್ರೂ ಕ್ರಿಯಾಪದದ ಬೇರೆ ಬೇರೆ ರೂಪಗಳು ಕಿಂಡಿಯಲ್ಲಿ ಕಾಣಿಸಿಕೊಳ್ಳುತ್ತಿದ್ದವು. 1623ರ ಹೊರೊಲೋಗಿಯಂ ಹೆಬ್ರಾಯಿಯಂ ಹೀಬ್ರೂ ಭಾಷೆಯನ್ನು ಇಪ್ಪತ್ತನಾಲ್ಕು ಗಂಟೆಗಳ ಪಾಠಗಳಲ್ಲಿ ಕಲಿಸುವ ಪಠ್ಯಪುಸ್ತಕ. ಇದು ಹಲವು ಮುದ್ರಣಗಳನ್ನು ಕಂಡಿತು.

ಅದೇ ವರ್ಷ ಪ್ರಕಟವಾದ ಆಸ್ಟ್ರೊಸ್ಕೋಪಿಯಂ ಕೃತಿಯಲ್ಲಿ, ಕಾಗದವನ್ನು ಶಂಕುವಿನ ಆಕಾರಕ್ಕೆ ಮಡಿಸಿ ನಕ್ಷತ್ರಗಳನ್ನು ಗುರುತಿಸುವ ಆಕಾಶನಕ್ಷೆಯಿದೆ. ಹೀಬ್ರೂ ಬಿಲ್ಲೆ, ನಕ್ಷತ್ರ ಶಂಕು ಮತ್ತು ಲೆಕ್ಕಯಂತ್ರ ಮೂರೂ ಎರಡು ಮೂರು ವರ್ಷಗಳ ಅಂತರದಲ್ಲಿ ಒಂದೇ ಯೋಚನಾಕ್ರಮದಿಂದ ಹುಟ್ಟಿದವು. ನೆನಪಿಟ್ಟುಕೊಳ್ಳಬೇಕಾದ ಕೋಷ್ಟಕವನ್ನು ತಿರುಗುವ ಇಲ್ಲವೆ ಮಡಚುವ ವಸ್ತುವಿಗೆ ವರ್ಗಾಯಿಸುವುದು ಈ ಕ್ರಮದ ಸಾರ.

ಲೆಕ್ಕಯಂತ್ರ

ಹಿನ್ನೆಲೆ

ಹದಿನೇಳನೆಯ ಶತಮಾನದ ಆರಂಭದಲ್ಲಿ ಖಗೋಳಶಾಸ್ತ್ರಜ್ಞರ ಸಮಯದ ಬಹುಪಾಲು ಲೆಕ್ಕಾಚಾರದಲ್ಲಿಯೇ ಕಳೆದುಹೋಗುತ್ತಿತ್ತು. ಗ್ರಹಗಳ ಸ್ಥಾನವನ್ನು ಸೂಚಿಸುವ ಕೋಷ್ಟಕಗಳಿಗೆ ದೊಡ್ಡ ಸಂಖ್ಯೆಗಳ ಗುಣಾಕಾರ ಮತ್ತು ಭಾಗಾಕಾರಗಳನ್ನು ಸಾವಿರಾರು ಬಾರಿ ಮಾಡಬೇಕಾಗಿತ್ತು. 1627ರಲ್ಲಿ ಉಲ್ಮ್ ನಗರದಲ್ಲಿ ಮುದ್ರಣಗೊಂಡ ರುಡಾಲ್ಫಿನ್ ಕೋಷ್ಟಕಗಳಿಗಾಗಿ ಕೆಪ್ಲರ್ ಅನೇಕ ವರ್ಷ ದುಡಿದರು.

ಈ ಹೊರೆಯನ್ನು ಇಳಿಸುವ ಎರಡು ಉಪಾಯಗಳನ್ನು ಸ್ಕಾಟ್ಲೆಂಡಿನ ಜಾನ್ ನೇಪಿಯರ್ ನೀಡಿದ್ದರು. ಮೊದಲನೆಯದು 1614ರಲ್ಲಿ ಪ್ರಕಟವಾದ ಲಾಗರಿದಮ್. ಎರಡನೆಯದು 1617ರ ರಾಬ್ಡೊಲೋಗಿಯೆ ಕೃತಿಯಲ್ಲಿ ವಿವರಿಸಿದ ಗುಣಾಕಾರದ ಕಡ್ಡಿಗಳು. ಪ್ರತಿ ಕಡ್ಡಿಯ ಮೇಲೂ ಒಂದು ಅಂಕಿಯ ಮಗ್ಗಿ ಬರೆದಿರುತ್ತದೆ. ಕಡ್ಡಿಗಳನ್ನು ಅಕ್ಕಪಕ್ಕ ಇರಿಸಿದರೆ ಗುಣಾಕಾರವು ಕೇವಲ ಸಂಕಲನಕ್ಕೆ ಇಳಿಯುತ್ತದೆ. ಆ ಸಂಕಲನವನ್ನೂ ಯಂತ್ರಕ್ಕೆ ಒಪ್ಪಿಸುವುದು ಶಿಕಾರ್ಡ್‌ರ ಉದ್ದೇಶವಾಗಿತ್ತು.

1623ರ ಸೆಪ್ಟೆಂಬರ್ 20ರಂದು ಕೆಪ್ಲರ್‌ಗೆ ಬರೆದ ಪತ್ರದಲ್ಲಿ, ಕೊಟ್ಟ ಸಂಖ್ಯೆಗಳನ್ನು ತಾನಾಗಿಯೇ ಕೂಡುವ, ಕಳೆಯುವ, ಗುಣಿಸುವ ಮತ್ತು ಭಾಗಿಸುವ ಯಂತ್ರವನ್ನು ನಿರ್ಮಿಸಿರುವುದಾಗಿ ಶಿಕಾರ್ಡ್ ತಿಳಿಸಿದರು. ಅದರಲ್ಲಿ ಹನ್ನೊಂದು ಪೂರ್ಣ ಹಲ್ಲುಚಕ್ರಗಳೂ ಆರು ಅಪೂರ್ಣ ಹಲ್ಲುಚಕ್ರಗಳೂ ಇದ್ದವೆಂಬ ವಿವರ ಈ ಪತ್ರದಲ್ಲಿದೆ. ಪ್ಯಾಸ್ಕಲ್ ಹುಟ್ಟಿದ್ದು ಈ ಪತ್ರಕ್ಕೆ ಮೂರು ತಿಂಗಳು ಮುಂಚೆ, 1623ರ ಜೂನ್ 19ರಂದು.

ರಚನೆ

ಯಂತ್ರದಲ್ಲಿ ಮೂರು ಭಾಗಗಳಿದ್ದವು.

ಮೇಲಿನ ಭಾಗ ಗುಣಾಕಾರಕ್ಕೆ ಮೀಸಲು. ಇಲ್ಲಿ ಆರು ಲಂಬ ಉರುಳೆಗಳಿದ್ದವು. ನೇಪಿಯರ್ ಕಡ್ಡಿಗಳ ಮಗ್ಗಿಗಳನ್ನು ಶಿಕಾರ್ಡ್ ಈ ಉರುಳೆಗಳ ಸುತ್ತ ಬರೆದಿದ್ದರು. ಮೇಲ್ತುದಿಯ ಗುಬುಟನ್ನು ತಿರುಗಿಸಿದರೆ ಬೇಕಾದ ಅಂಕಿಯ ಮಗ್ಗಿ ಎದುರಿಗೆ ಬರುತ್ತಿತ್ತು. ಉರುಳೆಗಳ ಮುಂದೆ, 2ರಿಂದ 9ರವರೆಗಿನ ಗುಣಕಗಳಿಗೆ ಒಂದೊಂದರಂತೆ, ಅಡ್ಡಲಾಗಿ ಜಾರುವ ಪಟ್ಟಿಗಳಿದ್ದವು. ಪಟ್ಟಿಯನ್ನು ಎಳೆದಾಗ ಅದರ ಕಿಂಡಿಗಳಲ್ಲಿ ಆ ಗುಣಕದ ಸಾಲು ಮಾತ್ರ ಕಾಣುತ್ತಿತ್ತು.

ನಡುವಿನ ಭಾಗ ಸಂಕಲನ ಮತ್ತು ವ್ಯವಕಲನಕ್ಕೆ. ಬಿಡಿ, ಹತ್ತು, ನೂರು ಎಂಬಂತೆ ಆರು ಸ್ಥಾನಗಳಿಗೆ ಆರು ಚಕ್ರಗಳಿದ್ದು, ಪ್ರತಿಯೊಂದಕ್ಕೂ ಉತ್ತರ ತೋರಿಸುವ ಕಿಂಡಿ ಇತ್ತು. ಚಕ್ರವನ್ನು ಒಂದು ದಿಕ್ಕಿಗೆ ತಿರುಗಿಸಿದರೆ ಸಂಕಲನ, ವಿರುದ್ಧ ದಿಕ್ಕಿಗೆ ತಿರುಗಿಸಿದರೆ ವ್ಯವಕಲನ.

ಕೆಳಗಿನ ಭಾಗದಲ್ಲಿ ಆರು ಸಣ್ಣ ಗುಬುಟುಗಳಿದ್ದವು. ಲೆಕ್ಕದ ನಡುವೆ ನೆನಪಿಡಬೇಕಾದ ಸಂಖ್ಯೆಯನ್ನು, ಉದಾಹರಣೆಗೆ ಭಾಗಾಕಾರದಲ್ಲಿ ಹಂತ ಹಂತವಾಗಿ ಸಿಗುವ ಭಾಗಲಬ್ಧವನ್ನು, ಇಲ್ಲಿ ಗುರುತು ಮಾಡಿಕೊಳ್ಳಬಹುದಾಗಿತ್ತು. ಇದು ಹಲ್ಲುಚಕ್ರಗಳಿಗೆ ಸಂಬಂಧವಿಲ್ಲದ, ಬರೆದಿಡುವ ಕಾಗದಕ್ಕೆ ಬದಲಾದ ವ್ಯವಸ್ಥೆ.

ಲೆಕ್ಕ ಮಾಡುವ ಕ್ರಮ

365ನ್ನು 24ರಿಂದ ಗುಣಿಸುವ ಲೆಕ್ಕವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಮೊದಲು ಮೂರು ಉರುಳೆಗಳನ್ನು 3, 6 ಮತ್ತು 5ಕ್ಕೆ ತಿರುಗಿಸಬೇಕು. 4ರ ಪಟ್ಟಿಯನ್ನು ಎಳೆದರೆ ಕಿಂಡಿಗಳಲ್ಲಿ 12, 24 ಮತ್ತು 20 ಕಾಣುತ್ತವೆ. ಇವುಗಳನ್ನು ಸ್ಥಾನಕ್ಕೆ ತಕ್ಕಂತೆ ಕೂಡಿದರೆ 1460. ಈ ಸಂಖ್ಯೆಯನ್ನು ನಡುವಿನ ಚಕ್ರಗಳಲ್ಲಿ ತಿರುಗಿಸಿ ದಾಖಲಿಸಬೇಕು. ಬಳಿಕ 2ರ ಪಟ್ಟಿಯನ್ನು ಎಳೆದರೆ 06, 12 ಮತ್ತು 10 ಕಾಣುತ್ತವೆ. ಇವುಗಳಿಂದ 730 ದೊರೆಯುತ್ತದೆ. ಗುಣಕದ 2 ಹತ್ತರ ಸ್ಥಾನದಲ್ಲಿರುವುದರಿಂದ ಇದನ್ನು ಒಂದು ಸ್ಥಾನ ಎಡಕ್ಕೆ ಸರಿಸಿ, ಅಂದರೆ 7300 ಎಂದು, ಚಕ್ರಗಳಲ್ಲಿ ಕೂಡಬೇಕು. ಆಗ ಕಿಂಡಿಗಳಲ್ಲಿ 8760 ಎಂಬ ಉತ್ತರ ಮೂಡುತ್ತದೆ.

ಈ ಉದಾಹರಣೆಯಿಂದ ಯಂತ್ರದ ಸ್ವರೂಪ ಸ್ಪಷ್ಟವಾಗುತ್ತದೆ. ಉರುಳೆಗಳು ಮಗ್ಗಿಯನ್ನು ಒದಗಿಸುತ್ತವೆ, ಚಕ್ರಗಳು ಕೂಡುತ್ತವೆ. ಇವೆರಡರ ನಡುವೆ ಯಾಂತ್ರಿಕ ಜೋಡಣೆ ಇಲ್ಲ. ಒಂದರಿಂದ ಓದಿದ ಸಂಖ್ಯೆಯನ್ನು ಇನ್ನೊಂದಕ್ಕೆ ಸಾಗಿಸುವುದು ಲೆಕ್ಕ ಮಾಡುವವರ ಕೆಲಸ. ಆದ್ದರಿಂದ ಸಂಕಲನ ಮತ್ತು ವ್ಯವಕಲನಗಳು ಮಾತ್ರ ಚಕ್ರಗಳಿಂದ ನಡೆಯುತ್ತಿದ್ದವು. ಗುಣಾಕಾರ, ಭಾಗಾಕಾರಗಳಿಗೆ ಯಂತ್ರ ನೆರವಾಗುತ್ತಿತ್ತು.

ದಶಕ ಸಾಗಿಸುವ ವ್ಯವಸ್ಥೆ

ಕಾಗದದ ಮೇಲೆ ಲೆಕ್ಕ ಮಾಡುವಾಗ ಬಿಡಿಸ್ಥಾನದ ಮೊತ್ತ ಹತ್ತನ್ನು ಮುಟ್ಟಿದರೆ ದಶಕವನ್ನು ಮುಂದಿನ ಸ್ಥಾನಕ್ಕೆ ಕೂಡುವುದು ವಾಡಿಕೆ. ಇದನ್ನು ಯಂತ್ರಕ್ಕೆ ಕಲಿಸುವುದೇ ಲೆಕ್ಕಯಂತ್ರ ತಯಾರಿಕೆಯ ಮುಖ್ಯ ಸಮಸ್ಯೆ. ಶಿಕಾರ್ಡ್ ಇದಕ್ಕೆ ಒಂದೇ ಹಲ್ಲಿನ ಚಕ್ರವನ್ನು ಬಳಸಿದರು. ಒಂದು ಸ್ಥಾನದ ಚಕ್ರ 9ರಿಂದ 0ಗೆ ದಾಟುವಾಗ ಈ ಒಂಟಿ ಹಲ್ಲು ನಡುವಿನ ಚಕ್ರವೊಂದನ್ನು ತಳ್ಳುತ್ತದೆ. ಅದು ಮುಂದಿನ ಸ್ಥಾನದ ಚಕ್ರವನ್ನು ಒಂದು ಅಂಕಿಯಷ್ಟು ಮುಂದಕ್ಕೆ ಸರಿಸುತ್ತದೆ. ಎರಡು ಹಲ್ಲುಚಕ್ರಗಳು ನೇರವಾಗಿ ಕೂಡಿಕೊಂಡರೆ ವಿರುದ್ಧ ದಿಕ್ಕುಗಳಲ್ಲಿ ತಿರುಗುತ್ತವೆ. ನಡುವೆ ಇನ್ನೊಂದು ಚಕ್ರವಿದ್ದರೆ ಎರಡೂ ಒಂದೇ ದಿಕ್ಕಿನಲ್ಲಿ ತಿರುಗುತ್ತವೆ. ನಡುವಿನ ಚಕ್ರದ ಅಗತ್ಯ ಇದೇ.

ಈ ವ್ಯವಸ್ಥೆ ಸರಳವಾಗಿದ್ದರೂ ಅದಕ್ಕೊಂದು ಮಿತಿಯಿತ್ತು. 999999ಕ್ಕೆ 1ನ್ನು ಕೂಡಿದರೆ ಆರೂ ಸ್ಥಾನಗಳ ಚಕ್ರಗಳು ಒಟ್ಟಿಗೆ ತಿರುಗಬೇಕು. ಆ ಎಲ್ಲ ಚಕ್ರಗಳ ಘರ್ಷಣೆಯನ್ನು ಮೀರಲು ಬೇಕಾದ ಬಲ ಬಿಡಿಸ್ಥಾನದ ಒಂದೇ ಹಲ್ಲಿನ ಮೇಲೆ ಬೀಳುತ್ತದೆ. ಸ್ಥಾನಗಳು ಹೆಚ್ಚಿದಷ್ಟೂ ಹಲ್ಲು ಸವೆಯುವ, ಬಾಗುವ ಅಥವಾ ಚಕ್ರ ಅರ್ಧಕ್ಕೆ ನಿಲ್ಲುವ ಅಪಾಯ ಹೆಚ್ಚುತ್ತದೆ. ಶಿಕಾರ್ಡ್‌ರ ಯಂತ್ರ ಆರು ಸ್ಥಾನಗಳಿಗೆ ನಿಂತಿದೆ. ಉತ್ತರ ಆರು ಅಂಕಿಗಳನ್ನು ಮೀರಿದಾಗ ಗಂಟೆಯೊಂದು ಬಾರಿಸುವ ಏರ್ಪಾಡಿತ್ತು. ಗಂಟೆ ಬಾರಿಸಿದಾಗಲೆಲ್ಲ ಲೆಕ್ಕ ಮಾಡುವವರು ಬೆರಳಿಗೆ ಒಂದೊಂದು ಉಂಗುರ ತೊಟ್ಟು ಮೀರಿದ ದಶಕಗಳ ಎಣಿಕೆ ಇಡಬಹುದೆಂಬ ಸಲಹೆಯನ್ನೂ ಅವರು ನೀಡಿದ್ದರು.

ಎರಡನೆಯ ಯಂತ್ರದ ನಾಶ

ಕೆಪ್ಲರ್‌ಗಾಗಿ ಇನ್ನೊಂದು ಯಂತ್ರವನ್ನು ಮಾಡಿಸಲು ಶಿಕಾರ್ಡ್ ಟ್ಯೂಬಿಂಗನ್‌ನ ಕುಶಲಕರ್ಮಿ ಯೊಹಾನ್ ಫಿಸ್ಟರ್‌ಗೆ ಕೆಲಸ ಒಪ್ಪಿಸಿದರು. 1624ರ ಫೆಬ್ರವರಿ 25ರ ಪತ್ರದಲ್ಲಿ ಅವರು ಯಂತ್ರದ ಹೆಚ್ಚಿನ ವಿವರಗಳೊಂದಿಗೆ ದುಃಖದ ಸುದ್ದಿಯನ್ನೂ ತಿಳಿಸಿದರು. ಕೆಲವು ದಿನಗಳ ಹಿಂದೆ ರಾತ್ರಿ ಹೊತ್ತಿದ ಬೆಂಕಿಯಲ್ಲಿ, ಅರ್ಧ ಸಿದ್ಧವಾಗಿದ್ದ ಯಂತ್ರವು ಶಿಕಾರ್ಡ್‌ರ ಇತರ ಕೆಲವು ವಸ್ತುಗಳ ಜೊತೆಗೆ ಸುಟ್ಟುಹೋಗಿತ್ತು. ಅದನ್ನು ಬೇಗನೆ ಮತ್ತೆ ಮಾಡಲು ಕುಶಲಕರ್ಮಿಗೆ ಬಿಡುವಿರಲಿಲ್ಲ. ಕೆಪ್ಲರ್ ತಮ್ಮ ಕೋಷ್ಟಕಗಳನ್ನು ಯಂತ್ರದ ನೆರವಿಲ್ಲದೆ, ಲಾಗರಿದಮ್‌ಗಳನ್ನು ಬಳಸಿ ಪೂರೈಸಿದರು.

ಖಗೋಳಶಾಸ್ತ್ರ ಮತ್ತು ಭೂಮಾಪನ

1623ರ ನವೆಂಬರ್‌ನಲ್ಲಿ ದಕ್ಷಿಣ ಜರ್ಮನಿಯ ಆಕಾಶದಲ್ಲಿ ದೊಡ್ಡ ಉಲ್ಕೆಯೊಂದು ಕಾಣಿಸಿಕೊಂಡಿತು. ಶಿಕಾರ್ಡ್ ಅದರ ಕುರಿತು 1624ರಲ್ಲಿ ಪುಸ್ತಕವೊಂದನ್ನು ಪ್ರಕಟಿಸಿದರು. 1631ರಲ್ಲಿ ಮೇಸ್ಟ್ಲಿನ್ ನಿಧನರಾದ ಮೇಲೆ ಖಗೋಳಶಾಸ್ತ್ರದ ಪ್ರಾಧ್ಯಾಪಕ ಪೀಠವೂ ಅವರಿಗೆ ದೊರೆಯಿತು. ಅದೇ ವರ್ಷದ ನವೆಂಬರ್ 7ರಂದು, ಕೆಪ್ಲರ್ ಮೊದಲೇ ಲೆಕ್ಕ ಹಾಕಿ ತಿಳಿಸಿದ್ದಂತೆ, ಬುಧ ಗ್ರಹವು ಸೂರ್ಯಬಿಂಬವನ್ನು ಹಾದುಹೋಯಿತು. ಪ್ಯಾರಿಸ್‌ನಲ್ಲಿ ಪಿಯೆರ್ ಗಸೆಂಡಿ ಇದನ್ನು ವೀಕ್ಷಿಸಿದರು. ಈ ವೀಕ್ಷಣೆಯ ಮಹತ್ವವನ್ನು ಚರ್ಚಿಸಿ ಶಿಕಾರ್ಡ್ 1632ರಲ್ಲಿ ಗಸೆಂಡಿಗೆ ಉತ್ತರರೂಪದ ಕೃತಿಯೊಂದನ್ನು ಪ್ರಕಟಿಸಿದರು. ಆ ಕಾಲದ ಅವರ ಭಾವಚಿತ್ರದಲ್ಲಿ, ಸೂರ್ಯ, ಭೂಮಿ ಮತ್ತು ಚಂದ್ರರ ಚಲನೆಯನ್ನು ತೋರಿಸುವ ಸಣ್ಣ ಮಾದರಿಯನ್ನು ಅವರು ಕೈಯಲ್ಲಿ ಹಿಡಿದಿರುವುದು ಕಾಣುತ್ತದೆ.

ವ್ಯೂರ್ಟೆಂಬರ್ಗ್ ಪ್ರಾಂತ್ಯದ ನಿಖರವಾದ ನಕ್ಷೆಯನ್ನು ತಯಾರಿಸಲು ಶಿಕಾರ್ಡ್ ವರ್ಷಗಟ್ಟಲೆ ಶ್ರಮಿಸಿದರು. ಶಾಲೆಗಳ ತನಿಖಾಧಿಕಾರಿಯಾಗಿ ಊರೂರು ತಿರುಗಬೇಕಾಗಿದ್ದ ಅವರು ಆ ಪ್ರವಾಸಗಳಲ್ಲಿಯೇ ಕೋನಗಳನ್ನು ಅಳೆಯುತ್ತಿದ್ದರು. ಎತ್ತರದ ಎರಡು ಸ್ಥಳಗಳಿಂದ ಮೂರನೆಯ ಸ್ಥಳದತ್ತ ಕೋನಗಳನ್ನು ಅಳೆದು, ತ್ರಿಕೋನಗಳ ಲೆಕ್ಕದಿಂದ ದೂರವನ್ನು ಕಂಡುಹಿಡಿಯುವುದು ಅವರ ಪದ್ಧತಿ. ಇದನ್ನು ಇತರರಿಗೂ ಕಲಿಸಲು 1629ರಲ್ಲಿ ಜರ್ಮನ್ ಭಾಷೆಯಲ್ಲಿ ಸಣ್ಣ ಕೈಪಿಡಿಯೊಂದನ್ನು ಹೊರತಂದರು. ನಕ್ಷೆಯ ಕೆಲಸ ಅವರ ಜೀವಿತಾವಧಿಯಲ್ಲಿ ಪೂರ್ಣಗೊಳ್ಳಲಿಲ್ಲ.

ಯುದ್ಧ, ಪ್ಲೇಗ್ ಮತ್ತು ಮರಣ

1618ರಲ್ಲಿ ಆರಂಭವಾದ ಮೂವತ್ತು ವರ್ಷಗಳ ಯುದ್ಧವು ವ್ಯೂರ್ಟೆಂಬರ್ಗ್ ಪ್ರಾಂತ್ಯವನ್ನು ಪೂರ್ಣವಾಗಿ ಆವರಿಸಿದ್ದು 1634ರ ಸೆಪ್ಟೆಂಬರ್‌ನಲ್ಲಿ. ನೋರ್ಡ್ಲಿಂಗನ್ ಕದನದಲ್ಲಿ ಪ್ರೊಟೆಸ್ಟಂಟ್ ಪಕ್ಷದ ಸೇನೆ ಸೋತ ಮೇಲೆ ಚಕ್ರವರ್ತಿಯ ಪಡೆಗಳು ಪ್ರಾಂತ್ಯಕ್ಕೆ ನುಗ್ಗಿದವು. ಹಳ್ಳಿ ಪಟ್ಟಣಗಳು ಲೂಟಿಯಾದವು, ಟ್ಯೂಬಿಂಗನ್ ಶತ್ರುಗಳ ವಶವಾಯಿತು. ಹೆರೆನ್‌ಬರ್ಗ್‌ನಲ್ಲಿದ್ದ ಶಿಕಾರ್ಡ್‌ರ ತಾಯಿ ಸೈನಿಕರ ಹಿಂಸೆಗೆ ಬಲಿಯಾದರು.

ಸೇನೆಗಳ ಜೊತೆ ಪ್ಲೇಗ್ ಬಂದಿತು. ಶಿಕಾರ್ಡ್ ದಂಪತಿಯ ಒಂಬತ್ತು ಮಕ್ಕಳಲ್ಲಿ ಐವರು ಇದಕ್ಕೂ ಮೊದಲೇ ತೀರಿಕೊಂಡು, ಮೂವರು ಹೆಣ್ಣುಮಕ್ಕಳು ಮತ್ತು ಒಬ್ಬ ಗಂಡುಮಗ ಉಳಿದಿದ್ದರು. ಕೆಲವೇ ತಿಂಗಳುಗಳಲ್ಲಿ ಪತ್ನಿ ಸಬೀನೆ ಮತ್ತು ಮೂವರು ಹೆಣ್ಣುಮಕ್ಕಳೂ ಸಾವಿಗೀಡಾದರು. 1635ರ ಅಕ್ಟೋಬರ್‌ನಲ್ಲಿ ಶಿಕಾರ್ಡ್ ಸ್ವತಃ ಅದೇ ರೋಗದಿಂದ ನಿಧನರಾದರು. ಆಗ ಅವರಿಗೆ 43 ವರ್ಷ. ಉಳಿದಿದ್ದ ಏಕೈಕ ಮಗ ಥಿಯೊಫಿಲಸ್ ತಂದೆಯ ಬೆನ್ನಿಗೇ ತೀರಿಕೊಂಡನು. ಹೀಗೆ ಯಂತ್ರದ ಬಗ್ಗೆ ಹೇಳಬಲ್ಲ ಯಾರೂ ಮನೆಯಲ್ಲಿ ಉಳಿಯಲಿಲ್ಲ. ಕೆಪ್ಲರ್ 1630ರಲ್ಲಿಯೇ ನಿಧನರಾಗಿದ್ದರು.

ದಾಖಲೆಗಳ ಮರುಶೋಧನೆ

ಯಂತ್ರ ನಾಶವಾದರೂ ಅದರ ಕುರಿತಾದ ಕಾಗದಗಳು ಎರಡು ಬೇರೆ ದಾರಿಗಳಲ್ಲಿ ಉಳಿದುಬಂದವು. ಕೆಪ್ಲರ್‌ರ ಹಸ್ತಪ್ರತಿಗಳು ಹಲವರ ಕೈ ದಾಟಿ, 1773ರಲ್ಲಿ ರಷ್ಯಾದ ಸಾಮ್ರಾಜ್ಞಿ ಎರಡನೆಯ ಕ್ಯಾಥರೀನ್‌ರ ಖರೀದಿಯ ಮೂಲಕ ಸೇಂಟ್ ಪೀಟರ್ಸ್‌ಬರ್ಗ್ ಸೇರಿ, ಕಾಲಾನಂತರ ಅಲ್ಲಿಗೆ ಸಮೀಪದ ಪುಲ್ಕೊವೊ ವೀಕ್ಷಣಾಲಯದಲ್ಲಿ ಇರಿಸಲ್ಪಟ್ಟವು. ಶಿಕಾರ್ಡ್‌ರ ಸ್ವಂತ ಟಿಪ್ಪಣಿಗಳು ಸ್ಟಟ್‌ಗಾರ್ಟ್‌ನ ಗ್ರಂಥಾಲಯದಲ್ಲಿ ಉಳಿದವು. ಕೆಪ್ಲರ್‌ರ ಪತ್ರವ್ಯವಹಾರ 1718ರಲ್ಲಿಯೇ ಮುದ್ರಣಗೊಂಡಿದ್ದರಿಂದ ಶಿಕಾರ್ಡ್‌ರ ಯಂತ್ರದ ಉಲ್ಲೇಖ ಪೂರ್ಣವಾಗಿ ಅಜ್ಞಾತವಾಗಿರಲಿಲ್ಲ. ಆದರೆ ಚಿತ್ರವಿಲ್ಲದ ಕಾರಣ ಅದರ ರಚನೆ ಯಾರಿಗೂ ತಿಳಿಯುವಂತಿರಲಿಲ್ಲ.

ಕೆಪ್ಲರ್‌ರ ಸಮಗ್ರ ಕೃತಿಗಳ ಸಂಪಾದನೆಯಲ್ಲಿ ತೊಡಗಿದ್ದ ಫ್ರಾಂಟ್ಸ್ ಹಾಮರ್ 1935ರಲ್ಲಿ ಪುಲ್ಕೊವೊದ ಸಂಗ್ರಹದಲ್ಲಿ ಯಂತ್ರದ ಕೈಚಿತ್ರವಿದ್ದ ಕಾಗದದ ತುಂಡೊಂದನ್ನು ಕಂಡರು. ಎರಡನೆಯ ಮಹಾಯುದ್ಧ ಕಳೆದು ಸುಮಾರು ಒಂದು ದಶಕದ ಬಳಿಕ, ಸ್ಟಟ್‌ಗಾರ್ಟ್‌ನ ಟಿಪ್ಪಣಿಗಳಲ್ಲಿ ಕುಶಲಕರ್ಮಿಗೆ ನೀಡಿದ ಸೂಚನೆಗಳ ಜೊತೆಗಿದ್ದ ಇನ್ನೊಂದು ಚಿತ್ರ ಅವರಿಗೆ ದೊರೆಯಿತು. ಎರಡು ಚಿತ್ರಗಳು ಒಂದೇ ಯಂತ್ರಕ್ಕೆ ಸೇರಿದವೆಂದೂ 1624ರ ಪತ್ರದ ವಿವರಣೆಗೆ ಹೊಂದುತ್ತವೆಂದೂ ಅವರು ಗುರುತಿಸಿದರು. 1957ರಲ್ಲಿ ಓಬರ್‌ವೊಲ್ಫಾಖ್‌ನಲ್ಲಿ ನಡೆದ ಗಣಿತ ಇತಿಹಾಸದ ಸಮಾವೇಶದಲ್ಲಿ ಹಾಮರ್ ಇದನ್ನು ವಿದ್ವಾಂಸರ ಮುಂದಿಟ್ಟರು.

ಯಂತ್ರದ ಮರುನಿರ್ಮಾಣ

ಆ ಸಮಾವೇಶದಲ್ಲಿದ್ದ ಬ್ರೂನೊ ಫಾನ್ ಫ್ರೈಟಾಗ್ ಲೋರಿಂಗ್‌ಹಾಫ್ (1912–1996) ಟ್ಯೂಬಿಂಗನ್ ವಿಶ್ವವಿದ್ಯಾಲಯದ ತತ್ತ್ವಶಾಸ್ತ್ರ ಮತ್ತು ತರ್ಕಶಾಸ್ತ್ರದ ವಿದ್ವಾಂಸರು. ತಮ್ಮದೇ ವಿಶ್ವವಿದ್ಯಾಲಯದ ಹಳೆಯ ಪ್ರಾಧ್ಯಾಪಕರ ಯಂತ್ರವನ್ನು ಮತ್ತೆ ಕಟ್ಟುವ ಕೆಲಸವನ್ನು ಅವರು ಕೈಗೆತ್ತಿಕೊಂಡು, 1960ರಲ್ಲಿ ಕೆಲಸ ಮಾಡುವ ಮಾದರಿಯನ್ನು ಸಿದ್ಧಪಡಿಸಿದರು.

ಇದು ಸಾಮಾನ್ಯ ಅರ್ಥದ ದುರಸ್ತಿಯಾಗಿರಲಿಲ್ಲ. ಹಳೆಯ ಲೆಕ್ಕಯಂತ್ರಗಳ ಜೀರ್ಣೋದ್ಧಾರದಲ್ಲಿ ಸಾಮಾನ್ಯವಾಗಿ ಮೂಲ ವಸ್ತು ಎದುರಿಗಿರುತ್ತದೆ. ಲೈಬ್ನಿಟ್ಸ್‌ರ ಲೆಕ್ಕಯಂತ್ರ ಇದಕ್ಕೆ ಉದಾಹರಣೆ. 1879ರಲ್ಲಿ ಗೋಟಿಂಗನ್ ವಿಶ್ವವಿದ್ಯಾಲಯದ ಅಟ್ಟದಲ್ಲಿ ದೊರೆತ ಆ ಯಂತ್ರವನ್ನು 1890ರ ದಶಕದಲ್ಲಿ ಗ್ಲಾಸ್‌ಹ್ಯೂಟೆ ಪಟ್ಟಣದ ಲೆಕ್ಕಯಂತ್ರ ತಯಾರಕ ಆರ್ಥರ್ ಬುರ್ಕ್‌ಹಾರ್ಟ್ ದುರಸ್ತಿಗೆ ತೆಗೆದುಕೊಂಡರು. ಅಂತಹ ಯಂತ್ರದಲ್ಲಿ ಸವೆದ ಹಲ್ಲು, ಬಾಗಿದ ಅಚ್ಚು, ಒಣಗಿ ಅಂಟಾದ ಎಣ್ಣೆ ಎಲ್ಲವೂ ಅದು ಹೇಗೆ ಕೆಲಸ ಮಾಡುತ್ತಿತ್ತು ಎಂಬುದಕ್ಕೆ ಸಾಕ್ಷಿಗಳಾಗುತ್ತವೆ. ಶಿಕಾರ್ಡ್‌ರ ಯಂತ್ರದ ವಿಷಯದಲ್ಲಿ ಒಂದು ತಿರುಪು ಕೂಡ ಉಳಿದಿರಲಿಲ್ಲ. ಚಿತ್ರಗಳು ಹೊರನೋಟವನ್ನೂ ಮುಖ್ಯ ಭಾಗಗಳನ್ನೂ ತೋರಿಸುತ್ತಿದ್ದವೇ ಹೊರತು, ಒಳಗಿನ ಪೂರ್ಣ ಜೋಡಣೆಯನ್ನು ತೋರಿಸುತ್ತಿರಲಿಲ್ಲ.

ಚಿತ್ರದಲ್ಲಿ ಇಲ್ಲದ ವಿವರಗಳನ್ನು ಫ್ರೈಟಾಗ್ ಲೋರಿಂಗ್‌ಹಾಫ್ ತಾವೇ ತುಂಬಬೇಕಾಯಿತು. ಉದಾಹರಣೆಗೆ, ಚಕ್ರಗಳು ಅಂಕಿಯ ಮೇಲೆ ಸರಿಯಾಗಿ ನಿಲ್ಲದೆ ಎರಡು ಅಂಕಿಗಳ ನಡುವೆ ಉಳಿದರೆ ಉತ್ತರವನ್ನು ಓದಲಾಗದು, ದಶಕವೂ ಸರಿಯಾಗಿ ಸಾಗದು. ಪ್ರತಿ ಚಕ್ರವನ್ನು ಅದರ ಸ್ಥಾನದಲ್ಲಿ ಹಿಡಿದಿಡುವ ಸ್ಪ್ರಿಂಗ್‌ನಂತಹ ಭಾಗಗಳು ಇಲ್ಲದೆ ಯಂತ್ರ ನಡೆಯುವುದಿಲ್ಲ. ಹದಿನೇಳನೆಯ ಶತಮಾನದ ಗಡಿಯಾರ ತಯಾರಕರಿಗೆ ತಿಳಿದಿದ್ದ ವಿಧಾನಗಳು ಇಂತಹ ಕಡೆ ನೆರವಾದವು. ಅನಂತರದ ವರ್ಷಗಳಲ್ಲಿ ಇದೇ ಮಾದರಿಯ ಹಲವು ಪ್ರತಿಕೃತಿಗಳು ತಯಾರಾದವು. ಮ್ಯೂನಿಕ್‌ನ ಡಾಯ್ಚಸ್ ಮ್ಯೂಸಿಯಂ ಸೇರಿದಂತೆ ಬೇರೆ ಬೇರೆ ಸಂಗ್ರಹಾಲಯಗಳಲ್ಲಿ ಅವನ್ನು ಕಾಣಬಹುದು. ಇವೆಲ್ಲವೂ ಇಪ್ಪತ್ತನೆಯ ಶತಮಾನದವು ಅಥವಾ ಆ ಬಳಿಕದವು.

ಮೊದಲ ಯಂತ್ರ ಯಾರದು ಎಂಬ ಚರ್ಚೆ

1957ರವರೆಗೆ ಯಾಂತ್ರಿಕ ಲೆಕ್ಕಯಂತ್ರದ ಇತಿಹಾಸ ಸಾಮಾನ್ಯವಾಗಿ ಪ್ಯಾಸ್ಕಲ್‌ರಿಂದ ಆರಂಭವಾಗುತ್ತಿತ್ತು. ಪ್ಯಾಸ್ಕಲ್ 1642ರಲ್ಲಿ ಕೆಲಸ ಆರಂಭಿಸಿ 1645ರಲ್ಲಿ ತಮ್ಮ ಯಂತ್ರವನ್ನು ಲೋಕದ ಮುಂದಿಟ್ಟರು. ಹಾಮರ್‌ರ ಶೋಧನೆಯ ನಂತರ ಮೊದಲ ಸ್ಥಾನ ಶಿಕಾರ್ಡ್‌ರಿಗೆ ಸಲ್ಲಬೇಕೆಂಬ ವಾದ ಬಲಗೊಂಡಿತು.

ಕಾಲಕ್ರಮದ ದೃಷ್ಟಿಯಿಂದ ಶಿಕಾರ್ಡ್‌ರ ವಿನ್ಯಾಸ ಹಳೆಯದು ಎಂಬುದು ನಿರ್ವಿವಾದ. ಆದರೆ ಮೂಲ ಯಂತ್ರ ಎಷ್ಟು ಚೆನ್ನಾಗಿ ನಡೆಯುತ್ತಿತ್ತು ಎಂಬುದನ್ನು ಪ್ರತಿಕೃತಿಯಿಂದ ಸಾಬೀತುಪಡಿಸಲಾಗದು. ಪ್ರತಿಕೃತಿಯಲ್ಲಿ ಮರುನಿರ್ಮಾಣ ಮಾಡಿದವರ ಜಾಣ್ಮೆಯೂ ಇಂದಿನ ನಿಖರ ಉಪಕರಣಗಳ ಪಾಲೂ ಸೇರಿರುತ್ತದೆ. ಶಿಕಾರ್ಡ್‌ರ ವಿನ್ಯಾಸ ಕಾರ್ಯಸಾಧ್ಯವಾಗಿತ್ತು ಎಂಬುದಷ್ಟನ್ನೇ ಅದು ತೋರಿಸಬಲ್ಲದು. ಪ್ಯಾಸ್ಕಲ್‌ರ ಹಲವು ಯಂತ್ರಗಳು ಇಂದಿಗೂ ಉಳಿದಿವೆ. ಅವುಗಳಲ್ಲಿ ದಶಕ ಸಾಗಿಸಲು ಪ್ರತಿ ಸ್ಥಾನದಲ್ಲಿಯೂ ಭಾರವಿರುವ ಸನ್ನೆಯೊಂದಿದ್ದು, ಚಕ್ರ ತಿರುಗುತ್ತಿದ್ದಂತೆ ಅದು ಮೇಲೇರಿ, 9ರಿಂದ 0ಗೆ ದಾಟುವಾಗ ಕೆಳಗೆ ಬಿದ್ದು ಮುಂದಿನ ಚಕ್ರವನ್ನು ತಳ್ಳುತ್ತದೆ. ಬಲವನ್ನು ಒಂದೇ ಹಲ್ಲು ಹೊರಬೇಕಾಗಿಲ್ಲದ ಕಾರಣ ಹೆಚ್ಚು ಸ್ಥಾನಗಳು ಸಾಧ್ಯವಾದವು. ಅದಕ್ಕೆ ತೆತ್ತ ಬೆಲೆಯೆಂದರೆ ಪ್ಯಾಸ್ಕಲ್‌ರ ಚಕ್ರಗಳು ಒಂದೇ ದಿಕ್ಕಿಗೆ ತಿರುಗುತ್ತವೆ. ವ್ಯವಕಲನವನ್ನು ಸುತ್ತುಬಳಸಿ, ಪೂರಕ ಸಂಖ್ಯೆಗಳ ಮೂಲಕ ಮಾಡಬೇಕಾಗುತ್ತದೆ. ಶಿಕಾರ್ಡ್‌ರ ಯಂತ್ರದಲ್ಲಿ ಚಕ್ರವನ್ನು ಹಿಂದಕ್ಕೆ ತಿರುಗಿಸಿದರೆ ಸಾಕಾಗಿತ್ತು.

ಮುಂದಿನ ಲೆಕ್ಕಯಂತ್ರಗಳ ಬೆಳವಣಿಗೆಯ ಮೇಲೆ ಶಿಕಾರ್ಡ್‌ರ ಪ್ರಭಾವ ಕಾಣುವುದಿಲ್ಲ. ನಂತರದ ಪರಂಪರೆ ಪ್ಯಾಸ್ಕಲ್ ಮತ್ತು ಲೈಬ್ನಿಟ್ಸ್‌ರ ಯಂತ್ರಗಳಿಂದ ಬೆಳೆದುಬಂದಿದೆ.

ಗೌರವ ಮತ್ತು ಸ್ಮರಣೆ

ಚಂದ್ರನ ಮೇಲಿನ ದೊಡ್ಡ ಕುಳಿಗಳಲ್ಲಿ ಒಂದಕ್ಕೆ ಶಿಕಾರ್ಡ್‌ರ ಹೆಸರಿಡಲಾಗಿದೆ. 200 ಕಿಲೋಮೀಟರಿಗೂ ಹೆಚ್ಚು ವ್ಯಾಸದ ಈ ಕುಳಿ, ಭೂಮಿಯಿಂದ ಕಾಣುವ ಚಂದ್ರನ ಮುಖದ ನೈಋತ್ಯ ಭಾಗದಲ್ಲಿದೆ. ಕೆಪ್ಲರ್‌ಗೆ ಬರೆದ ಮೊದಲ ಪತ್ರಕ್ಕೆ 350 ವರ್ಷ ತುಂಬಿದ 1973ರಲ್ಲಿ ಪಶ್ಚಿಮ ಜರ್ಮನಿಯ ಅಂಚೆ ಇಲಾಖೆ ಲೆಕ್ಕಯಂತ್ರದ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು. ಟ್ಯೂಬಿಂಗನ್ ವಿಶ್ವವಿದ್ಯಾಲಯದ ಗಣಕ ವಿಜ್ಞಾನ ವಿಭಾಗಕ್ಕೆ ವಿಲ್‌ಹೆಲ್ಮ್ ಶಿಕಾರ್ಡ್ ಸಂಸ್ಥೆ ಎಂಬ ಹೆಸರಿದೆ. ಅದೇ ನಗರದ ಶಾಲೆಯೊಂದಕ್ಕೂ ಅವರ ಹೆಸರನ್ನು ಇಡಲಾಗಿದೆ.

ಪ್ರಮುಖ ಕೃತಿಗಳು

ರೋಟಾ ಹೆಬ್ರಾಯಿಯಾ (1621) – ಹೀಬ್ರೂ ಕ್ರಿಯಾಪದಗಳನ್ನು ಕಲಿಸುವ ತಿರುಗುಬಿಲ್ಲೆ
ಆಸ್ಟ್ರೊಸ್ಕೋಪಿಯಂ (1623) – ಶಂಕುವಿನ ಆಕಾರದ ಆಕಾಶನಕ್ಷೆ
ಹೊರೊಲೋಗಿಯಂ ಹೆಬ್ರಾಯಿಯಂ (1623) – ಹೀಬ್ರೂ ಪಠ್ಯಪುಸ್ತಕ
ಯೂಸ್ ರೇಗಿಯಂ ಹೆಬ್ರಾಯೋರಂ (1625) – ಹೀಬ್ರೂ ಜನರ ರಾಜಧರ್ಮವನ್ನು ಕುರಿತ ಕೃತಿ
ತಾರಿಖ್ (1628) – ಪರ್ಷಿಯಾದ ಅರಸರ ವಂಶಾವಳಿ
ಭೂಪಟ ರಚನೆಯ ಕೈಪಿಡಿ (1629)